ಹಳೆಯ ಕಾರಿನ ಪಾಠಶೋಧನೆ

ಹಳೆಯ ಮೋಟಾರು ಕಾರೊಂದನ್ನು ಮನೆಯ ಮುಂದೆ ನಿಲ್ಲಿಸಿಕೊಂಡವನಿಗೆ ಉಪದೇಶ ಮಾಡುವವರ ಕೊರತೆ ಇರುವುದಿಲ್ಲ. "ಇದನ್ನು ಗುಜರಿಗೆ ಹಾಕಿ ಹೊಸದೊಂದನ್ನು ತನ್ನಿ" ಎನ್ನುವವರು ಒಂದು ಪಕ್ಷ. "ಹೊರಗಿನ ತಗಡು ಹಾಗೆಯೇ ಇರಲಿ, ಒಳಗಿನದನ್ನೆಲ್ಲ ಕಿತ್ತು ಹೊಸ ಎಂಜಿನ್ನು, ಹೊಸ ಸೀಟು, ಅಗಲವಾದ ಚಕ್ರ ಹಾಕಿಸಿ, ದಾರಿಯಲ್ಲಿ ಕಂಡವರು ಬೆರಗಾಗಬೇಕು" ಎನ್ನುವವರು ಇನ್ನೊಂದು ಪಕ್ಷ. ಇಬ್ಬರೂ ಹಿತೈಷಿಗಳೇ. ಆದರೆ ಕಾರಿನ ಯಜಮಾನ ಇವೆರಡರ ನಡುವೆ ತನ್ನದೊಂದು ದಾರಿಯನ್ನು ಹುಡುಕಿಕೊಳ್ಳಬೇಕಾಗುತ್ತದೆ. ಆ ದಾರಿಯ ವಿಚಾರವಾಗಿ ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು.

ನಾನು ವೃತ್ತಿಯಿಂದ ಕನ್ನಡ ಮೇಷ್ಟ್ರು. ಇರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟಿನಲ್ಲಿ. ನಮ್ಮೂರಿನ ಹೆಸರೇ ರಸ್ತೆಗೆ ಸಂಬಂಧಪಟ್ಟದ್ದು. ದಾರಿ ಕವಲೊಡೆಯುವಲ್ಲಿ ನಿಂತು ಊರುಗಳ ಕಡೆಗೆ ಕೈ ತೋರುವ ಕಂಬಕ್ಕೆ ಇಂಗ್ಲಿಷರು ಇಟ್ಟ ಹೆಸರು ಅದು. ಕನ್ನಡದಲ್ಲಿ ಅದಕ್ಕೆ ಕೈಮರ ಎಂಬ ಸೊಗಸಾದ ಮಾತುಂಟು. ಚಿಕ್ಕಮಗಳೂರಿನ ಹತ್ತಿರ ಆ ಹೆಸರಿನ ಊರೇ ಇದೆ. ನಮ್ಮಲ್ಲಿ ಮಾತ್ರ ಇಂಗ್ಲಿಷ್ ಹೆಸರೇ ನೆಲೆನಿಂತಿತು. ಮೈಸೂರಿನಿಂದ ಮಾನಂದವಾಡಿಗೆ ಹೋಗುವವರು ನಮ್ಮೂರನ್ನು ಹಾದು, ಅಂತರಸಂತೆಯನ್ನು ದಾಟಿ, ಕಾಡನ್ನು ಹೊಗುತ್ತಾರೆ. ಇಂಥ ಕೂಡುರಸ್ತೆಯಲ್ಲಿ ಟೀ ಅಂಗಡಿಯಷ್ಟೇ ಸಹಜವಾಗಿ ಗ್ಯಾರೇಜೂ ಹುಟ್ಟುತ್ತದೆ. ಹಳೆಯ ಗಾಡಿಗಳ ವ್ಯಾಕರಣವನ್ನು ನಾನು ಕಲಿತದ್ದು ಅಂಥ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು.

ನಮ್ಮ ಕಡೆ ಮೊದಲಿನಿಂದಲೂ ಜೀಪಿಗೆ ಹೆಚ್ಚಿನ ಮರ್ಯಾದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಗಾಡಿಯನ್ನು ಮಹೀಂದ್ರ ಕಂಪನಿಯವರು 1949ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ಹೊಗೆಸೊಪ್ಪಿನ ಸೀಮೆಯಲ್ಲಿ, ಬ್ಯಾರನ್ನಿಗೆ ಸೌದೆ ಹೊರುವುದಕ್ಕೆ, ಮಳೆಗಾಲದಲ್ಲಿ ಕಾಡಂಚಿನ ಹಾಡಿಗಳಿಗೆ ಹೋಗುವುದಕ್ಕೆ ಅದಕ್ಕಿಂತ ಒದಗುವ ಗಾಡಿ ಇರಲಿಲ್ಲ. ಪೆಟ್ರೋಲು ದುಬಾರಿಯಾದಾಗ ಜನ ಅದರ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸಿದರು. ಮೆಟಡೋರ್ ವ್ಯಾನಿನ ಎಂಜಿನ್ನು ಹೊತ್ತ ಜೀಪುಗಳೂ ಅಂಬಾಸಡರ್‌ಗಳೂ ಈ ನಾಡಿನಲ್ಲಿ ಓಡಾಡಿವೆ. ಅದು ಶೋಕಿಯಲ್ಲ, ಹೊಟ್ಟೆಪಾಡು. ಅದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನನ್ನ ಜಗಳ ಇರುವುದು ಅಗತ್ಯವಿಲ್ಲದ ಕಡೆ ಗರಗಸ ಹಿಡಿಯುವವರ ಸಂಗಡ.

ನನ್ನಲ್ಲಿರುವುದು 1984ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಎಂಬ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತ, 1970ರ ದಶಕದಲ್ಲಿ ಚಿತ್ತೂರಿನ ರಾಣಿಯ ಹೆಸರನ್ನು ಪಡೆದುಕೊಂಡಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರು, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಕೋಲು. ನನ್ನ ತಂಗಿಯ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಮುಂದೆ ಈ ಕಾರು ಅವನಿಗೇ ಸೇರತಕ್ಕದ್ದು. ಕಳೆದ ದಸರೆಯ ರಜೆಗೆ ಬಂದವನು, "ಮಾವ, ಇದರ ಮುಂದಿನ ಭಾಗವನ್ನು ಸ್ವಲ್ಪ ಕತ್ತರಿಸಿದರೆ ಹೊಸ ಕಾಲದ ಎಂಜಿನ್ನೇ ಕೂರುತ್ತದೆ" ಎಂದ. ಗ್ಯಾರೇಜಿನ ಹಿರಿಯರು ಪಾನಾ ಕೆಳಗಿಟ್ಟು ನನ್ನ ಕಡೆ ತಿರುಗಿ ಹೇಳಿದರು: "ಮೇಷ್ಟ್ರೇ, ಕತ್ತರಿಸಿದ್ದನ್ನ ಬೆಸೆದು ಕೊಡ್ತೀನಿ. ಮೊದಲಿದ್ದಂಗೆ ಮಾಡಿಕೊಡು ಅಂದ್ರೆ ಮಾತ್ರ ನನ್ನ ಕೈಲಾಗೋದಿಲ್ಲ."

ಈ ಮಾತು ನನಗೆ ಹೊಸದಾಗಿ ಕೇಳಿಸಲಿಲ್ಲ. ಪಂಡಿತ ಪರೀಕ್ಷೆಗೆ ಓದುವಾಗ ನಮಗೆ ಗ್ರಂಥಸಂಪಾದನೆ ಎಂಬ ವಿಷಯ ಇತ್ತು. ಡಿ. ಎಲ್. ನರಸಿಂಹಾಚಾರ್ಯರು ಅದನ್ನು ಕುರಿತು ಕನ್ನಡದಲ್ಲಿ ಬರೆದ ದೊಡ್ಡ ಪುಸ್ತಕವನ್ನು ಬಲ್ಲವರು ಬಲ್ಲರು. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬಬಹುದು. ಆದರೆ ತುಂಬಿದ್ದು ತಾನೆಂದು ಕಂಸದಲ್ಲಿಟ್ಟು ತೋರಿಸಬೇಕು, ಮೂಲದಲ್ಲಿ ಏನಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ತನಗೆ ಚೆನ್ನಾಗಿ ತೋರಿತೆಂದು ಸ್ವಂತ ಪದ್ಯವೊಂದನ್ನು ಹೊಸೆದು ಕವಿಯ ಹೆಸರಿನಲ್ಲಿ ನಡುವೆ ಸೇರಿಸಿದರೆ ಅದು ಪ್ರಕ್ಷೇಪ. ಹಳೆಯ ಕಾರಿಗೂ ಇದೇ ಶಾಸ್ತ್ರ ಸಲ್ಲುತ್ತದೆಂದು ನನ್ನ ಅಭಿಪ್ರಾಯ. ಬೋಲ್ಟು ಬಿಚ್ಚಿ ಹಾಕಬಹುದಾದ, ಬೇಡವೆಂದ ದಿನ ಬಿಚ್ಚಿ ಹಳೆಯದನ್ನು ಮರಳಿ ಕೂರಿಸಬಹುದಾದ ಬದಲಾವಣೆಗೆ ಅಡ್ಡಿಯಿಲ್ಲ. ಗರಗಸಕ್ಕೂ ಬೆಸುಗೆಗೂ ಕೆಲಸ ಕೊಡುವ ಬದಲಾವಣೆಗೆ ಹತ್ತು ಸಲ ಯೋಚಿಸಬೇಕು. ಬಿಚ್ಚಿದ ಹಳೆಯ ಭಾಗವನ್ನು ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಚೀಟಿ ಕಟ್ಟಿ ಅಟ್ಟದ ಮೇಲಿಡಬೇಕು. ಏನು, ಎಂದು, ಏಕೆ ಬದಲಾಯಿತೆಂಬುದಕ್ಕೆ ಒಂದು ನೋಟುಬುಕ್ಕು ಇರಬೇಕು.

ಅಂಬಾಸಡರಿನ ಹಳೆಯ ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸುತ್ತಾರೆ. ಒಳ್ಳೆಯ ಕೆಲಸ, ದೀಪ ಉರಿಸಿಕೊಂಡು ನಿಧಾನವಾಗಿ ಹೋಗುವಾಗಲೂ ಬ್ಯಾಟರಿ ಸೊರಗುವುದಿಲ್ಲ. ಮುಂದೀಪಕ್ಕೆ ರಿಲೇ ಕೂಡಿಸಿದರೆ ಮುದಿ ಸ್ವಿಚ್ಚಿನ ಮೇಲೆ ಭಾರ ಬೀಳುವುದಿಲ್ಲ, ಬೆಳಕೂ ಹೆಚ್ಚುತ್ತದೆ. ಸೀಟಿನ ಪಟ್ಟಿ ಇಲ್ಲದ ಕಾರಿಗೆ ಭದ್ರವಾದ ಜಾಗ ನೋಡಿ ಪಟ್ಟಿ ಹಾಕಿಸುವುದು ಅಲಂಕಾರವಲ್ಲ, ಧರ್ಮ. ಇನ್ನು ಸೈಲೆನ್ಸರ್ ಕಿತ್ತು ಊರೆಲ್ಲ ಕೇಳುವಂತೆ ಗುಡುಗಿಸುವುದು, ಮೂಡಿಗೆ ತಕ್ಕಂತೆ ಬಣ್ಣ ಬದಲಿಸುವ ದೀಪಗಳನ್ನು ಗಾಡಿಯ ಅಡಿಗೆ ಅಂಟಿಸುವುದು, ಇವುಗಳ ಬಗ್ಗೆ ನಾನು ಮಾತನಾಡಲಾರೆ. ನನ್ನ ವಯಸ್ಸು ಹಾಗೆ.

ಕಾನೂನು ಏನನ್ನುತ್ತದೆಂಬುದನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರವು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿತು. ಎಂಜಿನ್ನು ಬದಲಿಸುವುದಾದರೆ ನೋಂದಣಿ ಅಧಿಕಾರಿಗಳ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು. ಮೀರಿದವನಿಗೆ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಹದಿನೈದು ವರ್ಷ ದಾಟಿದ ಕಾರು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ ಐದು ಸಾವಿರಕ್ಕೆ ಏರಿತು. 2025ರ ಆಗಸ್ಟಿನ ನಿಯಮವು ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು ಹತ್ತು ಸಾವಿರ ಮಾಡಿತು. ಮೇಷ್ಟ್ರ ಸಂಬಳಕ್ಕೆ ಇದು ಸಣ್ಣ ಮಾತಲ್ಲ.

ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ಜುಲೈಯಿಂದ ಬೇರೆಯದೇ ಒಂದು ವರ್ಗ ಏರ್ಪಟ್ಟಿದೆ. ಅದಕ್ಕೆ ಷರತ್ತು, ಗಾಡಿ ತನ್ನ ಮೂಲರೂಪದಲ್ಲಿಯೇ ಇರಬೇಕು. ಚಾಸಿಸ್ಸು, ಮೈತಗಡು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಶುಲ್ಕ, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕೆ ಹೊರಡಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನನ್ನ ತಂಗಿಯ ಮಗನಿಗೆ ಹೇಳಿದ್ದು ಇದನ್ನೇ: "1984ಕ್ಕೆ ಐವತ್ತು ಸೇರಿಸು. 2034ರಲ್ಲಿ ನೀನು ಈ ಕಾರನ್ನು ಆ ಸಾಲಿನಲ್ಲಿ ನಿಲ್ಲಿಸಬೇಕೆಂದರೆ ಇವತ್ತು ಇದರ ಮುಖ ಕೊಯ್ಯಬೇಡ." ಅವನು ಲೆಕ್ಕ ಹಾಕಿ ಸುಮ್ಮನಾದ. ಒಪ್ಪಿದನೋ ಇಲ್ಲವೋ ಇನ್ನೂ ತಿಳಿಯದು.

ಹಾಗೆಂದು ಏನನ್ನೂ ಮುಟ್ಟದೆ ಇಟ್ಟರೆ ಕಾರು ಉಳಿಯುತ್ತದೆಂದು ತಿಳಿಯಬಾರದು. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಧರ್ಮಸ್ಥಳದವರು ತೆರೆದ 'ಪಯಣ' ಸಂಗ್ರಹಾಲಯದ ಕಾರುಗಳು ನೆರಳಿನಲ್ಲಿ ನಿಂತಿರತಕ್ಕವು. ನಮ್ಮವು ಬಿಸಿಲು, ಮಳೆ, ಹಂಪು ಎಲ್ಲವನ್ನೂ ಕಾಣಬೇಕು. ಅವುಗಳಿಗೆ ಈಗ ಬಂದಿರುವ ಹೊಸ ಪರೀಕ್ಷೆ ಪೆಟ್ರೋಲಿನದು.

ಕಬ್ಬು, ಅಕ್ಕಿ, ಜೋಳಗಳಿಂದ ತೆಗೆದ ಎಥೆನಾಲನ್ನು ನೂರಕ್ಕೆ ಇಪ್ಪತ್ತರಷ್ಟು ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಅದೇ ಸಾಮಾನ್ಯವಾಯಿತು. ರೈತನಿಗೆ ಒಳ್ಳೆಯದೆಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಳೆಯ ಕಾರಿನ ರಬ್ಬರು ಈ ಎಥೆನಾಲಿಗೆ ಹುಟ್ಟಿದ್ದಲ್ಲ. ಪೆಟ್ರೋಲು ಪಂಪಿನ ಡಯಾಫ್ರಂ, ಕೊಳವೆ, ಕಾರ್ಬ್ಯುರೇಟರಿನ ವಾಷರುಗಳು ಉಬ್ಬುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಥೆನಾಲಿಗೆ ಗಾಳಿಯ ತೇವವನ್ನು ಹೀರುವ ಚಪಲವೂ ಉಂಟು. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ತಳ ಸೇರಿ ತುಕ್ಕು ಹಿಡಿಸುತ್ತದೆ. ವರ್ಷಾಂತರಗಳಿಂದ ಟ್ಯಾಂಕಿನೊಳಗೆ ಕಟ್ಟಿದ ಕೊಳೆಯನ್ನು ಬಿಡಿಸಿ ಜೆಟ್ಟಿನ ಸಣ್ಣ ತೂತಿಗೆ ತಂದು ತುರುಕುವುದೂ ಇದೇ. ಇಲ್ಲಿ ಮೂಲಪಾಠವನ್ನು ಹಿಡಿದು ಕೂರಬಾರದು. ಎಥೆನಾಲ್ ತಾಳುವ ಹೊಸ ಕೊಳವೆಯನ್ನೂ ಡಯಾಫ್ರಮನ್ನೂ ಕಣ್ಣು ಮುಚ್ಚಿ ಹಾಕಿಸಿ. ಸೋಸುವ ಫಿಲ್ಟರನ್ನು ಮೊದಲ ಕೆಲವು ತಿಂಗಳು ಬೇಗ ಬೇಗ ಬದಲಿಸಿ. ಕಾರು ನಿಲ್ಲಿಸುವುದಾದರೆ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ.

ಹಿಂದೆಯೂ ಇಂಥದೊಂದು ಸಂಧಿಕಾಲ ಬಂದಿತ್ತು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಉಸಿರಾಡುವ ಮಕ್ಕಳಿಗೆ ಅದು ದೊಡ್ಡ ಉಪಕಾರ. ಅಂಬಾಸಡರಿನಂಥ ಕಾರುಗಳ ಬೀಡುಕಬ್ಬಿಣದ ಹೆಡ್ಡಿನಲ್ಲಿಯೇ ಕೊರೆದ ವಾಲ್ವಿನ ಪೀಠಗಳಿಗೆ ಮಾತ್ರ ಆ ಸೀಸವೇ ಮೆತ್ತೆಯಾಗಿತ್ತು. ಮೆಕ್ಯಾನಿಕ್ಕುಗಳು ಲೇತಿನ ಅಂಗಡಿಗೆ ಹೋಗಿ ಗಟ್ಟಿ ಉಕ್ಕಿನ ಪೀಠ ಕೂರಿಸಿಕೊಂಡು ಬಂದರು, ಗಾಡಿಗಳು ನಡೆದವು.

ಬ್ರೇಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರಾಣ ಇರುವುದು ಅಲ್ಲಿ. ಹಳೆಯ ಕಾರುಗಳಲ್ಲಿ ಬಹುಪಾಲಿಗೆ ನಾಲ್ಕು ಚಕ್ರಕ್ಕೂ ಡ್ರಮ್ಮಿನ ಬ್ರೇಕು, ನಾಲ್ಕಕ್ಕೂ ಸೇರಿ ಎಣ್ಣೆಯ ದಾರಿ ಒಂದೇ. ಎಲ್ಲಿ ಸೋರಿದರೂ ಪೆಡಲು ನೆಲ ಮುಟ್ಟುತ್ತದೆ. ಬ್ರೇಕಿನ ಎಣ್ಣೆಯೂ ತೇವ ಹೀರುವ ಜಾತಿಯದು. ಎರಡು ವರ್ಷಕ್ಕೊಮ್ಮೆ ಪೂರಾ ಬದಲಿಸಬೇಕು, ಚಕ್ರದ ಸಿಲಿಂಡರಿನ ರಬ್ಬರುಗಳನ್ನೂ ಆಗಲೇ ನೋಡಬೇಕು. ಡ್ರಮ್ಮಿನೊಳಗೆ ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ಹಳ್ಳದ ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಪೆಡಲನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ನಮ್ಮ ಬಾವಲಿ ಕಡೆಯ ಕಾಡುರಸ್ತೆಗೆ ಕತ್ತಲಾದ ಮೇಲೆ ಬಾಗಿಲು ಹಾಕುತ್ತಾರೆ. ಆನೆ ಅಡ್ಡ ಬರುವ ಆ ದಾರಿಯಲ್ಲಿ ಸಂಜೆ ಐದಕ್ಕೆ ಬ್ರೇಕು ಕೈಕೊಟ್ಟವನಿಗೆ ಕಾರಿನ ಮೂಲರೂಪದ ಬಗ್ಗೆ ಉಪನ್ಯಾಸ ಮಾಡಿ ಏನು ಫಲ?

ಉಳಿದದ್ದು ಗ್ರೀಸು. ಓಲೆಗರಿಯ ಗ್ರಂಥಕ್ಕೆ ಆಗಾಗ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರಲ್ಲ, ಹಾಗೆ. ಪದ್ಮಿನಿಯ ಮುಂಚಕ್ರದ ಕಿಂಗ್‌ಪಿನ್ನಿಗೆ ಗ್ರೀಸು ಹೊಡೆಯುವ ಮೊಲೆಗಳಿವೆ. ಅವನ್ನು ಮರೆತರೆ ಸ್ಟಿಯರಿಂಗ್ ಎತ್ತಿನ ಮೂಗುದಾರದಂತೆ ಬಿಗಿಯುತ್ತದೆ. ಪಾಯಿಂಟಿನ ಬಾಯಿ ಸುಟ್ಟಿದ್ದರೆ ನುಣುಪಾದ ಉಪ್ಪುಕಾಗದದಿಂದ ತಿಕ್ಕಿ, ಅರ್ಧ ಮಿಲಿಮೀಟರಿಗೂ ಕಡಿಮೆಯ ಆ ಸಂದನ್ನು ಫೀಲರ್ ಗೇಜಿನಿಂದ ಅಳೆದು ಬಿಗಿಯಬೇಕು. ನಮ್ಮ ಹಿರಿಯರು ಅದನ್ನು ಎಂಜಿನ್ನಿನ ಸದ್ದು ಕೇಳಿಯೇ ಹೇಳುತ್ತಾರೆ. ಅವರ ಬಳಿ ಈಗ ಕೆಲಸ ಕಲಿಯುವ ಹುಡುಗರು ಕಂಪ್ಯೂಟರಿನ ತಂತಿ ಚುಚ್ಚಿ ರೋಗ ಓದುವುದನ್ನು ಕಲಿಯುತ್ತಾರೆ. ಅದೂ ವಿದ್ಯೆಯೇ, ಆದರೆ ಪದ್ಮಿನಿಗೆ ತಂತಿ ಚುಚ್ಚಲು ಜಾಗವಿಲ್ಲ. ಈ ಕಿವಿಯ ವಿದ್ಯೆಗೆ ಪುಸ್ತಕವಿಲ್ಲ. ಅವರು ಹೇಳಿದ್ದನ್ನು ನನ್ನ ನೋಟುಬುಕ್ಕಿನಲ್ಲಿ ಅವರ ಮಾತಿನಲ್ಲಿಯೇ ಬರೆದಿಡುತ್ತಿದ್ದೇನೆ.

ಬರೆಯುತ್ತ ಹೋದರೆ ಪದಗಳ ಕಥೆಗಳೂ ಸಿಕ್ಕುತ್ತವೆ. ನಾವು ಡಿಕ್ಕಿ ಎನ್ನುತ್ತೇವಲ್ಲ, ಅದು ಹಿಂದಿನ ಸಾರೋಟುಗಳ ಹಿಂಬದಿಯ ಮಡಿಸುವ ಆಸನದ ಹೆಸರು. ಆಸನ ಹೋಗಿ ಪೆಟ್ಟಿಗೆ ಬಂದರೂ ಹೆಸರು ಉಳಿಯಿತು. ಸ್ಟೆಪ್ನಿ ಎಂಬುದು ವೇಲ್ಸಿನ ಲನೆಲ್ಲಿ ಎಂಬ ಊರಿನ ಒಂದು ಬೀದಿ. 1904ರ ಸುಮಾರಿಗೆ ಅಲ್ಲಿ ಹೆಚ್ಚುವರಿ ಚಕ್ರ ತಯಾರಾಯಿತು. ಬ್ರಿಟನ್ನಿನವರು ಆ ಮಾತನ್ನು ಮರೆತರು. ಹ್ಯಾಂಡ್‌ಪೋಸ್ಟಿನ ಪಂಕ್ಚರ್ ಅಂಗಡಿಯವನು ಮರೆತಿಲ್ಲ.

ನೋಟುಬುಕ್ಕಿನಿಂದ ಕೊನೆಯದಾಗಿ ಎರಡು ಸಂಗತಿ. ಬೇಸಿಗೆಯ ಏರಿನಲ್ಲಿ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಾನೆಟ್ಟು ತೆರೆದಿಡಿ. ಅದಕ್ಕೆ ಬೇರೆ ಔಷಧ ಬೇಕಿಲ್ಲ. ಇನ್ನೊಂದು, ಹ್ಯಾಂಡಲು ಹೊಡೆದು ಎಬ್ಬಿಸುವ ಅಂಬಾಸಡರೋ ಜೀಪೋ ನಿಮ್ಮಲ್ಲಿದ್ದರೆ, ಹ್ಯಾಂಡಲನ್ನು ಮುಷ್ಟಿಯಿಂದ ಸುತ್ತಿ ಹಿಡಿಯಬಾರದು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಲಿ. ಕೆಳಕ್ಕೆ ತಳ್ಳದೆ ಮೇಲಕ್ಕೆ ಎಳೆಯಿರಿ. ಎಂಜಿನ್ನು ಹಿಂದಕ್ಕೆ ಒದ್ದಾಗ ಹ್ಯಾಂಡಲು ಕೈಯಿಂದ ಜಾರಿ ಹೋಗುತ್ತದೆ, ಹೆಬ್ಬೆರಳು ನಿಮ್ಮಲ್ಲಿಯೇ ಉಳಿಯುತ್ತದೆ.