ಹೊಸ ಮನೆ, ಮೊದಲ ಬೇಸಿಗೆ



ನಾವು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯವರು. ದೊಡ್ಡಿ ಅಂದರೆ ದನ ಎಮ್ಮೆ ಕೂಡುವ ಜಾಗ. ಎಮ್ಮೆಗೇ ಒಂದು ದೊಡ್ಡಿ ಬೇಕು. ಮನುಷ್ಯರಿಗೆ ಒಂದು ಮನೆ ಬೇಡವೇ?

ನಮ್ಮ ಮನೆಯಲ್ಲಿ ಹೆಂಗಸರು ಮೂವರು. ಅತ್ತೆ, ಮತ್ತೆ ನಾವಿಬ್ಬರು ಸೊಸೆಯರು. ಬಹಳ ವರ್ಷ ಸೋರುವ ಗುಡಿಸಲಲ್ಲಿ ಇದ್ದೆವು. ಈ ವರ್ಷ ಶಿವರಾತ್ರಿ ಕಳೆದ ಮೇಲೆ ಹೊಸ ತಾರಸಿ ಮನೆಗೆ ಬಂದೆವು. ಹಾಲು ಉಕ್ಕಿಸಿದೆವು. ನೆರೆಯವರಿಗೆ ಪಾಯಸ ಕೊಟ್ಟೆವು.

ಮೊದಮೊದಲು ಮನೆ ನಮ್ಮದು ಅನ್ನಿಸಲಿಲ್ಲ. ರಾತ್ರಿ ಎದ್ದರೆ ಬಾಗಿಲು ಸಿಗದು. ಗೋಡೆ ತಡವುತ್ತಿದ್ದೆವು. ಮಧ್ಯಾಹ್ನ ತಾರಸಿ ಕಾದು ಒಳಗೆಲ್ಲ ಒಲೆ ಆಗೋದು. ಅಂಗಳದಲ್ಲಿ ಒಂದು ಗಿಡವೂ ಇಲ್ಲ. "ಗುಡಿಸಲೇ ತಂಪಾಗಿತ್ತು ಕಣ್ರೇ" ಅಂದರು ಅತ್ತೆ.

ಆಗ ಪಕ್ಕದ ಮನೆಯ ಅಜ್ಜಿ ಉಪಾಯ ಹೇಳಿದರು. ಅರ್ಧ ತಾರಸಿಗೆ ತೆಂಗಿನ ಗರಿ ಹಾಸಿದೆವು. ಮಣ್ಣಿನ ಗಡಿಗೆಯನ್ನು ಒದ್ದೆ ಮರಳಿನ ಮೇಲೆ ಇಟ್ಟೆವು. ಬಚ್ಚಲ ನೀರು ಹರಿಯುವ ಕಡೆ ನುಗ್ಗೆ, ಕರಿಬೇವು ನೆಟ್ಟೆವು. ಮನೆ ಸ್ವಲ್ಪ ತಂಪಾಯಿತು. ನಮ್ಮ ಮನಸ್ಸೂ ತಂಪಾಯಿತು.

ಆಮೇಲೆ ಬೇಸಿಗೆಯ ಸುಖ ಕಂಡಿತು. ಹೊಂಗೆ ಚಿಗುರಿತು. ಬೇವು ಹೂ ಬಿಟ್ಟಿತು. ಯುಗಾದಿಗೆ ಹೊಸ ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ತಾರಸಿಯ ಉಳಿದ ಅರ್ಧದಲ್ಲಿ ಸಂಡಿಗೆ ಇಟ್ಟೆವು. ಕಾಗೆ ಓಡಿಸೋದು ಮಕ್ಕಳ ಕೆಲಸ. ಸಂಜೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸೋದು ನಮ್ಮ ಕೆಲಸ. ನೆರೆಯ ಹೆಂಗಸರೂ ಬಂದು ಕೂರುವರು. ಗಿರಿ ಕಡೆಯಿಂದ ಗಾಳಿ ಬೀಸೋದು. ಈ ಸಲ ಮದಗದ ಕೆರೆ ತುಂಬುತ್ತೋ ಇಲ್ಲವೋ ಅನ್ನೋದೇ ಮಾತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಮಳೆಗೆ ಕಾಯುತ್ತಿದ್ದೆವು.

ನಾವು ಬದಲಿಸಿದ್ದು ಮನೆ ಮಾತ್ರ. ಊರನ್ನೇ ಬದಲಿಸಿದವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. 1998ರಲ್ಲಿ ಭದ್ರಾ ಕಾಡು ಹುಲಿ ಯೋಜನೆಗೆ ಸೇರಿತು. 2001, 2002ರಲ್ಲಿ ಆ ಕಾಡಿನ ಹಳ್ಳಿಗಳ 419 ಕುಟುಂಬಗಳು ಹೊರಗೆ ಬಂದವು. ಕೆಲವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಕೆಲವರು ಕೆಳಗೂರಿಗೆ ಹೋದರು. ಅವರಿಗೆ ಜಮೀನು ಸಿಕ್ಕಿತು. ಮನೆಗೆ ನೆರವೂ ಸಿಕ್ಕಿತು. ಆದರೆ ಹೊಸ ಮಣ್ಣು, ಹೊಸ ನೆರೆ, ಹೊಸ ಕಾಗದ. ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಲ್ಲವೇ?

ಕಾಗದ ಅಂದೆವಲ್ಲ, ಅದನ್ನೇ ಮುಖ್ಯವಾಗಿ ಹೇಳಬೇಕು.

ಬಡವರ ಮನೆಗೆ ಸರ್ಕಾರದ ಯೋಜನೆಗಳಿವೆ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಶುರುವಾಯಿತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನ ಮಂತ್ರಿ ಆವಾಸ್ ಯೋಜನೆ ಬಂತು. ಇಂಥ ಮನೆ ಹೆಂಡತಿಯ ಹೆಸರಲ್ಲಿ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಬೇಕು ಅನ್ನುತ್ತದೆ ನಿಯಮ. ನಮ್ಮ ಮನೆ ಅತ್ತೆಯ ಹೆಸರಲ್ಲಿದೆ.

ಒಂದು ಮಧ್ಯಾಹ್ನ ಬಿಸಿಲು ಜೋರಿತ್ತು. ಅತ್ತೆ ಪೆಟ್ಟಿಗೆಯಿಂದ ಮನೆಯ ಕಾಗದ ತೆಗೆದರು. ಅರವತ್ತು ದಾಟಿದ ಮೇಲೆ ಅಕ್ಷರ ಕಲಿತವರು ಅವರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಚಕ್ಕುಬಂದಿ ಓದಿದರು. ತಟ್ಟನೆ ನಿಂತರು.

"ನಮ್ಮ ರಸ್ತೆ ಇರೋದು ಪೂರ್ವಕ್ಕೆ. ಇಲ್ಲಿ ಪಶ್ಚಿಮ ಅಂತ ಇದೆಯಲ್ಲೇ?"

ನಾವೂ ಓದಿದೆವು. ಹೌದು, ತಪ್ಪಾಗಿತ್ತು. ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಮುಂದೆ ಮಕ್ಕಳ ಕಾಲಕ್ಕೆ ಜಗಳ ಆಗುತ್ತಿತ್ತು. ನಾವೇ ಅರ್ಜಿ ಬರೆದೆವು. ಅತ್ತೆ ಸಹಿ ಹಾಕಿದರು. ಅರ್ಜಿ ಕೊಟ್ಟಿದ್ದಕ್ಕೆ ರಸೀತಿ ಕೇಳಿ ಪಡೆದೆವು. ಮೂರು ಸಲ ಅಲೆದೆವು. ಕೊನೆಗೆ ಕಾಗದ ಸರಿಯಾಯಿತು.

ಆ ರಾತ್ರಿ ತಾರಸಿ ಮೇಲೆ ಚಾಪೆ ಹಾಕಿ ಮಲಗಿದೆವು. ಮೇಲೆ ತುಂಬ ನಕ್ಷತ್ರ. "ಈಗ ಇದು ನಮ್ಮ ಮನೆ" ಅಂದರು ಅತ್ತೆ.

ಅಕ್ಕಂದಿರೇ, ಹೊಸ ಮನೆಗೆ ಗಿಡ ಬೇಕು. ನೆರೆಯವರ ಸ್ನೇಹ ಬೇಕು. ಸರಿಯಾದ ಕಾಗದವೂ ಬೇಕು. ಇವತ್ತು ಮನೆಗೆ ಹೋಗಿ ಪೆಟ್ಟಿಗೆ ತೆಗೆಯಿರಿ. ಕಾಗದದಲ್ಲಿ ಯಾರ ಹೆಸರಿದೆ? ನಾಲ್ಕು ದಿಕ್ಕಿಗೆ ಏನೇನಿದೆ? ನೀವೇ ಓದಿ ನೋಡಿ. ಓದಿ ಆದ ಮೇಲೆ ಗಡಿಗೆಯ ತಣ್ಣೀರು ಕುಡಿದು, ಜಗಲಿಯಲ್ಲಿ ಗಾಳಿಗೆ ಕೂತುಕೊಳ್ಳಿ.