ಕೊಲೆಗಾರ ಮೊದಲೇ ಗೊತ್ತಿದ್ದರೆ

ಪತ್ತೇದಾರಿ ಧಾರಾವಾಹಿ ನೋಡುವವರಿಗೆ ಒಂದು ಭಯ ಇದ್ದೇ ಇರುತ್ತದೆ. ಪಕ್ಕದಲ್ಲಿ ಕೂತವರು ಕೊಲೆಗಾರ ಯಾರೆಂದು ಬಾಯಿಬಿಟ್ಟರೆ ಮುಗಿಯಿತು, ಮಜವೇ ಹೋಯಿತು. ಅಮೆರಿಕದ ‘ಕೊಲಂಬೊ’ ಮಾತ್ರ ಆ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ.

1968ರಲ್ಲಿ ಟೆಲಿಚಿತ್ರವಾಗಿ ಬಂದ ಈ ಕಥೆ 1971ರಲ್ಲಿ ಸರಣಿಯಾಯಿತು. ಬಹುತೇಕ ಕಂತುಗಳು ಶುರುವಾಗುವುದೇ ಕೊಲೆಯಿಂದ. ಯಾರು ಕೊಂದರು, ಹೇಗೆ ಕೊಂದರು, ಎಲ್ಲವೂ ನೋಡುಗರ ಕಣ್ಣೆದುರೇ. ಆಮೇಲೆ ಬರುತ್ತಾನೆ ಲಾಸ್ ಏಂಜಲೀಸ್ ಪೊಲೀಸ್ ಅಧಿಕಾರಿ ಕೊಲಂಬೊ. ಮುದುಡಿದ ರೇನ್‌ಕೋಟು, ಕೈಯಲ್ಲಿ ಸಿಗಾರು, ಲಟಾರಿ ಪ್ಯೂಜೊ ಕಾರು. ಕೊಲೆಗಾರ ಹೆಚ್ಚಾಗಿ ಸಿರಿವಂತ, ಬುದ್ಧಿವಂತ. ಈ ಪೆದ್ದನಿಂದ ಏನಾದೀತು ಎಂದು ಒಳಗೊಳಗೇ ನಗುತ್ತಾನೆ.

ಕೊಲಂಬೊ ತನ್ನ ಹೆಂಡತಿಯ ಸುದ್ದಿ ಹೇಳುತ್ತಾನೆ. ಆಕೆ ಸರಣಿಯಲ್ಲಿ ಒಮ್ಮೆಯೂ ತೆರೆಗೆ ಬರುವುದಿಲ್ಲ, ಅದು ಬೇರೆ ಮಾತು! ಮಾತು ಮುಗಿಸಿ ಹೊರಡುತ್ತಾನೆ. ಕೊಲೆಗಾರ ನಿಟ್ಟುಸಿರು ಬಿಡುತ್ತಾನೆ. ಬಾಗಿಲ ತನಕ ಹೋದವನು ಹಣೆಗೆ ಕೈ ಹಚ್ಚಿ ತಿರುಗುತ್ತಾನೆ. ಇನ್ನೊಂದೇ ಒಂದು ಪ್ರಶ್ನೆ.

ನೋಡುಗರ ಕುತೂಹಲ ಇಲ್ಲಿ ಕೊಲೆಗಾರನ ಹೆಸರಿನ ಮೇಲಿಲ್ಲ. ಅವನ ಮುಖದ ಮೇಲಿದೆ. ನಗು ಯಾವಾಗ ಬತ್ತುತ್ತದೆ, ದನಿ ಯಾವಾಗ ಏರುತ್ತದೆ?

ಸರಣಿಯ ಮೊದಲ ಕಂತನ್ನು ನಿರ್ದೇಶಿಸಿದ್ದು 24 ವರ್ಷದ ಸ್ಟೀವನ್ ಸ್ಪೀಲ್‌ಬರ್ಗ್. ಅದರ ಆರಂಭದಲ್ಲಿ ಕಾರೊಂದು ರಸ್ತೆಯಲ್ಲಿ ಬರುತ್ತಿರುತ್ತದೆ. ಆದರೆ ಕೇಳುವುದು ಕಾರಿನ ಸದ್ದಲ್ಲ, ಒಬ್ಬ ಲೇಖಕನ ಟೈಪ್‌ರೈಟರಿನ ಟಕಟಕ. ಬರಲಿರುವ ಸಾವಿನ ಸುಳಿವು ಆ ಸದ್ದಿನಲ್ಲೇ ಸಿಕ್ಕಿಬಿಡುತ್ತದೆ.

1989ರಲ್ಲಿ ಸರಣಿ ಮತ್ತೆ ಶುರುವಾಯಿತು. ಕೊಲಂಬೊ ಪಾತ್ರಧಾರಿ ಪೀಟರ್ ಫಾಕ್ ಅದೇ ಕೋಟಿನಲ್ಲಿ ಮರಳಿದರು. ಕಥೆಗಳ ಬಿಗಿ ಮಾತ್ರ ಹಿಂದಿನಷ್ಟು ಉಳಿದಿರಲಿಲ್ಲ.