ಹೆಸರಿಗೆ ವಾಯು, ಒಳಗೆ ಬೆಂಕಿ

ಈ ದೃಶ್ಯ ನೋಡಿ. 1993ರ ಏಪ್ರಿಲ್ 19, ಅಮೆರಿಕದ ಟೆಕ್ಸಾಸ್‌ನ ವೇಕೊ ಊರಿನ ಹೊರವಲಯ. ಟ್ಯಾಂಕಿನಂಥ ವಾಹನವೊಂದು ಮರದ ಕಟ್ಟಡದ ಗೋಡೆ ಒಡೆದು ಒಳಗೆ ತೋಳು ತೂರಿಸುತ್ತಿದೆ. ತೋಳಿನ ತುದಿಯಿಂದ ಚಿಮ್ಮುತ್ತಿರುವುದು ಅಶ್ರುವಾಯು. ಒಳಗಿರುವವರು ಡೇವಿಡ್ ಕೊರೇಶ್ ಮತ್ತು ಅವನ ಪಂಥದವರು, ಜೊತೆಗೆ ಮಕ್ಕಳು. ಎಫ್‌ಬಿಐ ಮುತ್ತಿಗೆಯ 51ನೇ ದಿನ. ಮಧ್ಯಾಹ್ನ ಬೆಂಕಿ ಕಾಣಿಸಿತು. 70ಕ್ಕೂ ಹೆಚ್ಚು ಜನ ಸತ್ತರು.

ಮುಂದೆ ಹೋಗುವ ಮೊದಲು ಒಂದು ಮಾತು. ಅಶ್ರುವಾಯು ಅನ್ನುತ್ತೇವಲ್ಲ, ಅದು ವಾಯುವೇ ಅಲ್ಲ. ಪೊಲೀಸರು ಹೆಚ್ಚಾಗಿ ಬಳಸುವ ಸಿಎಸ್ ಒಂದು ಪುಡಿ. 1928ರಲ್ಲಿ ಅದನ್ನು ತಯಾರಿಸಿದ ಕಾರ್ಸನ್, ಸ್ಟೌಟನ್ ಎಂಬ ರಸಾಯನಶಾಸ್ತ್ರಜ್ಞರ ಮೊದಲಕ್ಷರಗಳೇ ಅದರ ಹೆಸರು. ಪುಡಿ ತಾನಾಗಿ ಹಾರುವುದಿಲ್ಲ. ದ್ರವದಲ್ಲಿ ಬೆರೆಸಿ ಚಿಮ್ಮಿಸಬೇಕು. ಇಲ್ಲವೇ ಡಬ್ಬಿಯೊಳಗೆ ಉರಿಯುವ ಮದ್ದು ತುಂಬಿ, ಅದರ ಕಾವಿನಿಂದ ಹೊಗೆಯೆಬ್ಬಿಸಬೇಕು. ಬೀದಿಯಲ್ಲಿ ಬಿದ್ದರೆ ಆ ಡಬ್ಬಿ ಹೊಗೆ ಉಗುಳಿ ತಣ್ಣಗಾಗುತ್ತದೆ. ಪರದೆ, ಹಾಸಿಗೆಗಳಿರುವ ಕೋಣೆಯಲ್ಲಿ ಬಿದ್ದರೆ ಹುಲ್ಲಿನ ಬಣವೆಗೆ ಕೆಂಡ ಎಸೆದಂತೆ.

ಇದೇನು ಹೊಸ ತಿಳಿವಳಿಕೆಯಲ್ಲ. 1974ರ ಮೇ 17ರಂದು ಲಾಸ್ ಏಂಜಲೀಸ್‌ನಲ್ಲಿ ಸಿಂಬಿಯನೀಸ್ ಲಿಬರೇಷನ್ ಆರ್ಮಿ ಎಂಬ ಉಗ್ರಗಾಮಿ ಗುಂಪಿನವರು ಅಡಗಿದ್ದ ಮನೆ ಅಶ್ರುವಾಯು, ಗುಂಡಿನ ಸುರಿಮಳೆಯ ನಡುವೆ ಹೊತ್ತಿಕೊಂಡಿತ್ತು. ಆರು ಜನ ಸತ್ತರು. ಟಿವಿಯಲ್ಲಿ ನೇರಪ್ರಸಾರವೂ ಆಯಿತು!

ಅದಕ್ಕೇ ವೇಕೊದಲ್ಲಿ ಉರಿಯುವ ಮದ್ದು ಬೇಡವೆಂದು ಅಟಾರ್ನಿ ಜನರಲ್ ಜಾನೆಟ್ ರೆನೊ ಷರತ್ತು ಹಾಕಿದ್ದರು. ಬಳಸಿಲ್ಲ ಎಂದೇ ಎಫ್‌ಬಿಐ ಆರು ವರ್ಷ ಹೇಳಿತು. 1999ರಲ್ಲಿ ಒಪ್ಪಿಕೊಂಡಿತು: ಬಳಸಿದ್ದೆವು. ರೆನೊ ಸಿಟ್ಟಾಗಿ ಮಾಜಿ ಸೆನೆಟರ್ ಜಾನ್ ಡ್ಯಾನ್‌ಫೋರ್ತ್‌ಗೆ ತನಿಖೆ ಒಪ್ಪಿಸಿದರು. ಬಳಸಿದ್ದು ಉರಿಯುವ ಮದ್ದಿನ ಮೂರು ಡಬ್ಬಿ, ಅವು ಬೆಂಕಿಗೆ ನಾಲ್ಕು ಗಂಟೆ ಮೊದಲೇ ಕಟ್ಟಡದ ಪಕ್ಕದ ಗುಂಡಿಯತ್ತ ಹಾರಿದ್ದವು, ಬೆಂಕಿ ಇಟ್ಟವರು ಒಳಗಿನವರೇ ಎಂದು ಅವರ ವರದಿ ಹೇಳಿತು. ಆದರೆ ಅಷ್ಟೊತ್ತಿಗೆ ನಂಬುವವರು ಯಾರು? ಮೂರು ಡಬ್ಬಿಗಳಿಗಿಂತ ಆರು ವರ್ಷದ ಮುಚ್ಚುಮರೆಯೇ ಹೆಚ್ಚು ಹೊಗೆ ಎಬ್ಬಿಸಿತು ಅನ್ನಬೇಕು.

ಇನ್ನು 2013ರ ಫೆಬ್ರುವರಿ, ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಬೆಟ್ಟ. ನಾಲ್ವರನ್ನು ಕೊಂದ ಮಾಜಿ ಪೊಲೀಸ್ ಕ್ರಿಸ್ಟೋಫರ್ ಡಾರ್ನರ್ ಮರದ ಮನೆಯೊಂದರಲ್ಲಿ ಅಡಗಿದ್ದ. ಶಸ್ತ್ರಸಜ್ಜಿತ ವಾಹನ ಗೋಡೆಗಳನ್ನು ಕಿತ್ತಿತು. ಮೊದಲು ಉರಿಯದ ಅಶ್ರುವಾಯು, ಫಲಿಸದಾಗ ಉರಿಯುವುದು. ಮನೆ ಸುಟ್ಟಿತು. ಅವನು ತಲೆಗೆ ತಾನೇ ಗುಂಡಿಟ್ಟುಕೊಂಡಿದ್ದ.

ಬೇಕೆಂದೇ ಸುಡಲಿಲ್ಲ ಎಂದರು ಶೆರಿಫ್, ಮರುದಿನದ ಪತ್ರಿಕಾಗೋಷ್ಠಿಯಲ್ಲಿ. ಆ ಡಬ್ಬಿಗೆ ಪೊಲೀಸರಿಟ್ಟ ಅಡ್ಡಹೆಸರನ್ನೂ ಅಲ್ಲೇ ಹೇಳಿದರು: ಬರ್ನರ್.